ಪ್ರಸಂಗದಲ್ಲಿ ಹಣಜಿ, ಪಾವಲಿ ಮತ್ತು ಕುರುಬ

ಕರಾವಳಿಯಲ್ಲಿ ‘ಪ್ರಸಂಗ’ ಎಂದೊಡನೆ ನೆನಪಾಗುವುದು ಯಕ್ಷಗಾನ. ಇವತ್ತಿನ ಪ್ರಸಂಗ ಯಾವುದು ಎಂದು ಕೇಳಿದರೆ ‘ಕರ್ಣಪರ್ವ’ ಎಂದೋ ‘ದೇವಿ ಮಹಾತ್ಮೆ’ ಎಂದೋ ಉತ್ತರ ಬರುತ್ತದೆ. ಆದರೆ ಅದೇ ಊರಿನ ಪ್ರೊಟೆಸ್ಟೆಂಟ್ ಕ್ರೈಸ್ತರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ‘ಪ್ರಸಂಗ ಹೇಗಿತ್ತು?’ ಎಂದು ಯಾರಾದರೂ ಕೇಳಿದರೆ ಅದು ಬೇರೆಯೇ ಮಾತು. ಅಲ್ಲಿ ಪ್ರಸಂಗವೆಂದರೆ ಬೆಳಗಿನ ಆರಾಧನೆಯಲ್ಲಿ ಸಭಾಪಾಲಕರು ಮಾಡಿದ ಉಪದೇಶ. ಕೊಂಕಣಿ ಕ್ಯಾಥೊಲಿಕರು ಅದನ್ನೇ ಪೋರ್ಚುಗೀಸರಿಂದ ಬಂದ ಪದದಲ್ಲಿ ‘ಶೆರ್ಮಾಂವ್’ ಎನ್ನುತ್ತಾರೆ.

ಕ್ರೈಸ್ತರಲ್ಲದ ಓದುಗರಲ್ಲಿ ಹೆಚ್ಚಿನವರು ಈ ಪ್ರಸಂಗವನ್ನು ಕೇಳಿರಲಾರರು. ಧ್ವನಿವರ್ಧಕದಿಂದ ತೇಲಿಬರುವ ಒಂದೆರಡು ವಾಕ್ಯ ಕಿವಿಗೆ ಬಿದ್ದಿರಬಹುದು ಅಷ್ಟೆ. ಅದರ ಕಟ್ಟಡ ಸರಳವಾದದ್ದು. ಮೊದಲು ಬೈಬಲ್‌ನ ಒಂದು ಭಾಗದ ಓದು. ಬಳಿಕ ಅದರ ಅರ್ಥವಿವರಣೆ. ಆಮೇಲೆ ಒಂದೋ ಎರಡೋ ದೃಷ್ಟಾಂತ. ಕೊನೆಗೆ ಅನ್ವಯ, ಅಂದರೆ ಎರಡು ಸಾವಿರ ವರ್ಷದ ಹಿಂದಿನ ಆ ಮಾತಿಗೂ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಕೇಳುಗನಿಗೂ ಏನು ಸಂಬಂಧ ಎಂಬುದು. ಮೊದಲೆರಡು ಭಾಗವನ್ನು ದೇವಜ್ಞಾನ ಶಾಲೆಯಲ್ಲಿ ಕಲಿತು ಬರಬಹುದು. ಪಾದ್ರಿಯ ನಿಜವಾದ ಪರೀಕ್ಷೆ ಇರುವುದು ಉಳಿದ ಎರಡರಲ್ಲಿ. ಅದಕ್ಕೆ ಬೇಕಾದ ಸರಕು ಗ್ರಂಥಾಲಯದಲ್ಲಿ ಸಿಗುವಂಥದ್ದಲ್ಲ.

ಈ ಪದ್ಧತಿಯ ಮೂಲ ಯೇಸುವಿನಲ್ಲೇ ಇದೆ. ಅವನು ಬೆಳೆದದ್ದು ಬಡಗಿಯ ಮನೆಯಲ್ಲಿ. ಮಾತಾಡಿದ್ದು ರೈತರು, ಬೆಸ್ತರು, ಕೂಲಿಗಳು, ಸುಂಕದವರು ಇದ್ದ ಜನಸಂದಣಿಯಲ್ಲಿ. ದೇವರ ರಾಜ್ಯ ಎಂದರೇನು ಎಂದು ಕೇಳಿದವರಿಗೆ ಅವನು ವ್ಯಾಖ್ಯಾನ ಕೊಡಲಿಲ್ಲ. ಬಿತ್ತುವವನೊಬ್ಬ ಹೊರಟ ಕಥೆ ಹೇಳಿದ. ಹಿಟ್ಟಿನಲ್ಲಿ ಹುಳಿ ಕಲಸಿದ ಹೆಂಗಸಿನ ಕಥೆ ಹೇಳಿದ. ಸಾಸಿವೆ ಕಾಳು, ಹಳೆಯ ಬಟ್ಟೆಗೆ ಹಾಕಿದ ತೇಪೆ, ಬಲೆಗೆ ಬಿದ್ದ ಮೀನು, ದೀಪದ ಎಣ್ಣೆ, ಉಪ್ಪು ಎಲ್ಲವೂ ಅವನ ಮಾತಿನಲ್ಲಿ ಬಂದುಹೋಗುತ್ತವೆ. ಇಂಥ ಕಥೆಗಳಿಗೆ ಕನ್ನಡ ಬೈಬಲ್‌ನಲ್ಲಿರುವ ಹೆಸರು ‘ಸಾಮ್ಯ’. ಹೋಲಿಕೆ ಎಂಬ ಅರ್ಥದ ಒಳ್ಳೆಯ ಪದ.

ಗಲಿಲಾಯದ ರೈತನಿಗೆ ಈ ಸಾಮ್ಯಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತೊಡಕು ಶುರುವಾದದ್ದು ಅವು ಊರು ಬಿಟ್ಟು ಊರಿಗೆ ಹೊರಟಾಗ.

ಹೊಲದ ಮಾತು, ಸಂತೆಯ ಮಾತು

ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. 1834ರ ಅಕ್ಟೋಬರ್‌ನಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. ಮೂರು ವರ್ಷದಲ್ಲಿ ಅವರ ಕೆಲಸ ಧಾರವಾಡಕ್ಕೂ, ಅನಂತರ ಹುಬ್ಬಳ್ಳಿ, ಬೆಟಗೇರಿಗೂ ಹಬ್ಬಿತು. ಮೊದಲ ಅನುವಾದವನ್ನು ತಿದ್ದುವ ಕೆಲಸ ಆಮೇಲೆ ಹಲವು ಸಲ ನಡೆಯಿತು. ಈ ಅನುವಾದಕರನ್ನು ಬೈಯುವವರೂ ಉಂಟು, ಅವರ ವಾಕ್ಯರಚನೆಯನ್ನು ಆಡಿಕೊಂಡು ನಗುವವರೂ ಉಂಟು. ಆದರೆ ಸಾಮ್ಯಗಳ ಮಟ್ಟಿಗೆ ಅವರು ನಿಘಂಟನ್ನು ಬಿಟ್ಟು ಹೊಲಕ್ಕೂ ಸಂತೆಗೂ ಹೋಗಿ ಪದ ತಂದಿದ್ದಾರೆ ಎಂಬುದಕ್ಕೆ ಪುರಾವೆ ಪುಟಪುಟದಲ್ಲಿದೆ.

ಗೋಧಿಯ ನಡುವೆ ವೈರಿ ಬಂದು ಕಳೆ ಬಿತ್ತಿ ಹೋದ ಕಥೆಯೊಂದಿದೆ. ಗೋಧಿಯಂತೆಯೇ ಕಾಣುವ, ತೆನೆ ಬರುವವರೆಗೂ ಗುರುತು ಸಿಗದ ಕಳೆ ಅದು. ಕನ್ನಡದಲ್ಲಿ ಅದಕ್ಕೆ ‘ಹಣಜಿ’ ಎಂದರು. ಬರೀ ‘ಕಳೆ’ ಎಂದಿದ್ದರೆ ಕಥೆ ಅರ್ಥವಾಗುತ್ತಿತ್ತು, ನಾಟುತ್ತಿರಲಿಲ್ಲ. ಹಾಗೆಯೇ ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕುವ ಕಥೆ. ಮೂಲದಲ್ಲಿರುವುದು ಗ್ರೀಕರ ದ್ರಾಖ್ಮ ಎಂಬ ನಾಣ್ಯ. ಹಳೆಯ ಕನ್ನಡ ಬೈಬಲ್‌ನಲ್ಲಿ ಅದು ‘ಪಾವಲಿ’ ಆಯಿತು. ಪಾವಲಿ ಎಂದರೆ ನಾಲ್ಕಾಣೆ. ಸೆರಗಿನ ಗಂಟಿನಲ್ಲಿ ನಾಲ್ಕಾಣೆ ಕಟ್ಟಿಕೊಂಡು ಸಂತೆಗೆ ಹೋಗುತ್ತಿದ್ದ ಹೆಂಗಸಿಗೆ ಅದು ಕಳೆದರೆ ಆಗುವ ಸಂಕಟವೇನೆಂದು ಪಾದ್ರಿ ವಿವರಿಸಬೇಕಾಗಿರಲಿಲ್ಲ. ನಾಲ್ಕಾಣೆಯೇ ಚಲಾವಣೆಯಲ್ಲಿ ಇಲ್ಲದ ಇಂದಿನ ದಿನಗಳಲ್ಲಿ ಆ ಪದಕ್ಕೇ ಟಿಪ್ಪಣಿ ಬೇಕಾಗಿದೆ ಎಂಬುದು ಬೇರೆ ಮಾತು.

ರೊಟ್ಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ಅನುದಿನದ ಆಹಾರ’ವನ್ನು ಬೇಡುವ ಕನ್ನಡ ಅನುವಾದ, ಬೇರೆ ಕಡೆ ಯೇಸು ತನ್ನನ್ನೇ ಜೀವದ ರೊಟ್ಟಿ ಎಂದು ಕರೆದುಕೊಳ್ಳುವಾಗ ‘ರೊಟ್ಟಿ’ಯನ್ನೇ ಉಳಿಸಿಕೊಂಡಿದೆ. ಧಾರವಾಡದ ಕಡೆ ಇದರಿಂದ ತೊಂದರೆಯಿಲ್ಲ. ಜೋಳದ ರೊಟ್ಟಿಯೇ ಅಲ್ಲಿನ ಜೀವ. ಆದರೆ ಗಂಜಿ ಉಂಡು ಬೆಳೆದ ಮಂಗಳೂರಿನವನಿಗೆ ರೊಟ್ಟಿ ಎಂದರೆ ಕೋಳಿ ಸಾರಿನ ಜೊತೆ ನೆಂಟರು ಬಂದಾಗ ಬಡಿಸುವ ಪದಾರ್ಥ. ದಿನದ ಹಸಿವಿನ ಮಾತು ಹಬ್ಬದ ಊಟದ ಮಾತಾಗಿಬಿಡುತ್ತದೆ. ಅಲ್ಲಿ ಪಾದ್ರಿ ‘ನಿಮ್ಮ ಗಂಜಿ ಎಂದು ತಿಳಿಯಿರಿ’ ಎಂದು ಒಂದು ಮಾತು ಸೇರಿಸಿದರೆ ಅನುವಾದ ಪೂರ್ತಿಯಾಗುತ್ತದೆ.

ಎಲ್ಲಕ್ಕಿಂತ ಕುತೂಹಲದ್ದು ‘ಕುರುಬ’. ದಾವೀದನ ಕೀರ್ತನೆಯಲ್ಲಿ ದೇವರೇ ಕುರಿ ಕಾಯುವವನು. ಯೋಹಾನನ ಸುವಾರ್ತೆಯಲ್ಲಿ ಯೇಸು ತನ್ನನ್ನು ಒಳ್ಳೆಯ ಕುರಿ ಕಾಯುವವನೆಂದು ಹೇಳಿಕೊಳ್ಳುತ್ತಾನೆ. ಹಳೆಯ ಕನ್ನಡ ಬೈಬಲ್ ಎರಡು ಕಡೆಯೂ ‘ಕುರುಬ’ ಎಂದೇ ಹೇಳಿತು. ಕನ್ನಡನಾಡಿನಲ್ಲಿ ಇದು ಬರೀ ಕಸುಬಿನ ಹೆಸರಲ್ಲ, ಜಾತಿಯ ಹೆಸರೂ ಹೌದು. ಕಂಬಳಿ ಹೊದ್ದು, ಮಳೆಯಲ್ಲಿ ನೆನೆದು, ಮರಿಯನ್ನು ಹೆಗಲ ಮೇಲೆ ಹೊತ್ತು ನಡೆಯುವ ಮನುಷ್ಯನೊಬ್ಬ ಕೇಳುಗನ ಕಣ್ಣ ಮುಂದೆ ನಿಲ್ಲುತ್ತಾನೆ. ಊರಗೌಡರು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳದ ಮನುಷ್ಯ ಅವನಾಗಿದ್ದಿರಲೂಬಹುದು. ದೇವರು ಅಂಥವನಂತೆ ಎಂದು ಹತ್ತೊಂಬತ್ತನೇ ಶತಮಾನದ ಊರಿನಲ್ಲಿ ನಿಂತು ಹೇಳುವುದು ಸಣ್ಣ ಮಾತಾಗಿರಲಿಲ್ಲ. ಮುಂದೆ ಬಂದ ಕ್ಯಾಥೊಲಿಕ್ ಅನುವಾದ ‘ಕುರಿಗಾಹಿ’ ಎಂಬ ಪದವನ್ನು ಬಳಸಿತು. ಅದು ಶುದ್ಧವಾಗಿದೆ, ಯಾರಿಗೂ ಇರಿಸುಮುರಿಸಾಗದು. ಆದರೆ ಹಳೆಯ ಪದ ಕೇಳುಗನನ್ನು ಒಂದು ಕ್ಷಣ ತಡೆದು ನಿಲ್ಲಿಸುತ್ತಿತ್ತು. ಹೊಸ ಪದಕ್ಕೆ ಆ ಗುಣವಿಲ್ಲ ಎಂದೇ ಈ ಲೇಖಕನಿಗೆ ಅನಿಸುತ್ತದೆ.

ನಂಬಿಕೆ ಮತ್ತು ಹೊಟ್ಟೆಪಾಡು

ಬಾಸೆಲ್ ಮಿಶನ್ನಿನವರಿಗೆ ದಿನನಿತ್ಯದ ಬದುಕು ಬರೀ ದೃಷ್ಟಾಂತದ ವಿಷಯವಾಗಿ ಉಳಿಯಲಿಲ್ಲ. ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗಿಟ್ಟರು. ಕಸುಬು, ಗೇಣಿಭೂಮಿ ತಪ್ಪಿಹೋದವು. ದಕ್ಷಿಣ ಕನ್ನಡದಲ್ಲಿ ಮತಾಂತರ ಹೊಂದಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದಿತ್ತು. ಶೇಂದಿ ಇಳಿಸುವ ಕೆಲಸವನ್ನು ಪಾದ್ರಿಗಳು ಒಪ್ಪುತ್ತಿರಲಿಲ್ಲ. ಬಿಡು ಎಂದವರು ಬೇರೆ ದಾರಿ ತೋರಿಸಬೇಕಷ್ಟೆ! ನೇಯ್ಗೆಯ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿಕೊಂಡ ಹಿನ್ನೆಲೆ ಇದು. ಮಂಗಳೂರು ಹಂಚು ದೇಶವಿಡೀ ಹೆಸರಾಯಿತು. ಅದರ ಹಿಂದೆ ಇದ್ದದ್ದು, ಭಾನುವಾರ ಪ್ರಸಂಗ ಕೇಳಿದವನು ಸೋಮವಾರ ಏನು ಉಣ್ಣಬೇಕು ಎಂಬ ಪ್ರಶ್ನೆ.

ಈ ಏರ್ಪಾಟಿನಲ್ಲಿ ಒಂದು ಕಹಿಯೂ ಇತ್ತು. ಉಪದೇಶ ಮಾಡುವ ಮಿಶನ್ನೇ ಕೂಲಿ ಕೊಡುವ ಧಣಿಯೂ ಆದರೆ ಸಭೆಯವನು ಯಾರ ಮುಂದೆ ಗೊಣಗಬೇಕು? 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟಿತು, ಬಳಿಕ ದೇಶದಿಂದ ಹೊರಕ್ಕೆ ಕಳುಹಿಸಿತು. ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟವು. ಸಭೆಗಳ ಭಾರ ಇಲ್ಲಿಯ ಪಾದ್ರಿಗಳ ಹೆಗಲಿಗೆ ಹೆಚ್ಚುಹೆಚ್ಚಾಗಿ ಬಂತು. ಆ ತಲೆಮಾರಿನಲ್ಲಿ ಕನ್ನಡಿಗರೆಲ್ಲ ನೆನೆಯಬೇಕಾದ ಒಬ್ಬರಿದ್ದಾರೆ.

ಪಾದ್ರಿಯ ಹೆಸರು ಚನ್ನಪ್ಪ

ರೆವರೆಂಡ್ ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಮೂಲ ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ. ಹಿರಿಯರು ವೀರಶೈವರಾಗಿದ್ದು ಕ್ರೈಸ್ತ ಮತಕ್ಕೆ ಬಂದವರು. ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಶನ್ ದೇವಜ್ಞಾನ ಶಾಲೆಯಲ್ಲಿ ಓದಿ ಪಾದ್ರಿಯಾದರು; ಉತ್ತರ ಕರ್ನಾಟಕದ ಸಭೆಗಳಲ್ಲಿ ದುಡಿದರು. ಇಷ್ಟೇ ಆಗಿದ್ದರೆ ಅವರ ಹೆಸರು ಸಭೆಯ ದಾಖಲೆಗಳಲ್ಲಿ ಉಳಿದುಬಿಡುತ್ತಿತ್ತು.

ಪಾದ್ರಿ ಚನ್ನಪ್ಪನವರ ಕೈಗೆ ಸಿಕ್ಕವನು ಸರ್ವಜ್ಞ. ಊರೂರು ತಿರುಗಿದರು, ಓಲೆಗರಿ ಕಟ್ಟುಗಳನ್ನು, ಕೈಬರಹದ ಪ್ರತಿಗಳನ್ನು ಹುಡುಕಿದರು, ಪಾಠಭೇದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಎಷ್ಟೋ ವರ್ಷಗಳ ಈ ದುಡಿಮೆಯ ಫಲವಾಗಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟವಾಯಿತು. ಇವತ್ತು ಶಾಲೆಯ ಮಕ್ಕಳ ಬಾಯಲ್ಲಿರುವ ಸರ್ವಜ್ಞನನ್ನು ವಿದ್ವತ್ತಿನ ಶಿಸ್ತಿನಿಂದ ಒಟ್ಟುಗೂಡಿಸಿ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿ ಎಂಬ ಸಂಗತಿ ಎಷ್ಟು ಮಂದಿಗೆ ಗೊತ್ತು?

ಪಾದ್ರಿಗೆ ಸರ್ವಜ್ಞನೇಕೆ ಬೇಕು ಎಂಬ ಪ್ರಶ್ನೆ ಸಹಜ. ಉತ್ತರ ಪ್ರಸಂಗದ ಸ್ವಭಾವದಲ್ಲೇ ಇದೆ. ಪರದೇಶದ ಪಾದ್ರಿ ಎಷ್ಟೇ ಚೆನ್ನಾಗಿ ಕನ್ನಡ ಕಲಿತರೂ ಅವನ ದೃಷ್ಟಾಂತಗಳು ಅವನ ಊರಿನವು: ಹಿಮ, ಸೇಬಿನ ಮರ, ಅರಸನ ಸೈನಿಕ. ಸರ್ವಜ್ಞನಲ್ಲಿ ಸಿಗುವುದು ಎತ್ತು, ಹೊಲ, ಸಾಲ, ಅಂಬಲಿ, ಅತ್ತೆ ಸೊಸೆ, ಮನೆಗೆ ಬಂದ ನೆಂಟ. ಅವನು ಹೇಳದ ವಿಷಯವಿಲ್ಲ. ಒಂದೇ ನೆಲ ತುಳಿದು ಒಂದೇ ನೀರು ಕುಡಿಯುವವರ ನಡುವೆ ಕುಲಗೋತ್ರ ಎಲ್ಲಿಂದ ಬಂತು ಎಂದು ಅವನು ಕೇಳಿದ್ದನ್ನೇ ಪಾದ್ರಿಯೂ ಕೇಳಬೇಕಾಗಿತ್ತು. ಆದರೆ ಪಾದ್ರಿ ಕೇಳಿದರೆ ಅದು ಹೊರಗಿನವನ ಆಕ್ಷೇಪ, ಸರ್ವಜ್ಞ ಕೇಳಿದರೆ ಮನೆಯವನ ಮಾತು.

ಛಂದಸ್ಸಿನ ವಿಷಯವನ್ನೂ ಇಲ್ಲಿ ಹೇಳಬೇಕು. ಸರ್ವಜ್ಞನ ತ್ರಿಪದಿಯೇ ಬೀಸುವ ಕಲ್ಲಿನ ಹಾಡಿನ ಧಾಟಿ. ಬೆಳಗಿನ ಜಾವ ಎದ್ದು ಜೋಳ ಬೀಸುತ್ತಿದ್ದ ಹೆಂಗಸರು ಕಲ್ಲಿನ ಸುತ್ತಿಗೆ ಸರಿಯಾಗಿ ಹಾಡುತ್ತಿದ್ದದ್ದು ಮೂರು ಸಾಲಿನ ಈ ಪದಗಳನ್ನೇ. ಆ ಲಯ ಕಿವಿಗೆ ಬಿದ್ದ ಕೂಡಲೇ ಹಳ್ಳಿಯ ಕೇಳುಗ ತಲೆಯೆತ್ತುತ್ತಾನೆ. ಪ್ರಸಂಗಿಗೆ ಇದಕ್ಕಿಂತ ಬೇರೆ ಬಂಡವಾಳ ಬೇಕೆ?

ಉತ್ತಂಗಿಯವರ ಆಸಕ್ತಿ ಅಲ್ಲಿಗೇ ನಿಲ್ಲಲಿಲ್ಲ. ಶರಣರ ಅನುಭವ ಮಂಟಪದ ಐತಿಹಾಸಿಕತೆಯ ಬಗ್ಗೆ ಗ್ರಂಥ ಬರೆದರು, ಶರಣರ ವಚನಗಳನ್ನು ಸಂಪಾದಿಸಿದರು. ಮರಾಠಿಯ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ವಿಷಯವಾಗಿಯೂ ಬರೆದರು. ಬನಾರಸವನ್ನೂ ಬೆತ್ಲೆಹೇಮನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಪುಸ್ತಕವೂ ಅವರದೇ. ಎರಡು ಮನೆಗಳ ನಡುವಿನ ಈ ಓಡಾಟ ಎರಡೂ ಕಡೆಯವರ ಹುಬ್ಬೇರಿಸುವಂಥದ್ದು. ಮತಾಂತರದ ಸಾಧನವಾಗಿ ನಮ್ಮ ಕವಿಯನ್ನು ಬಳಸಿಕೊಳ್ಳುತ್ತಿದ್ದಾನೆಯೇ ಎಂಬ ಶಂಕೆ ಒಂದು ಕಡೆ. ಶಿವಭಕ್ತನ ಮಾತಿಗೆ ಪ್ರಸಂಗವೇದಿಕೆಯಲ್ಲಿ ಏನು ಕೆಲಸ ಎಂಬ ಗೊಣಗು ಇನ್ನೊಂದು ಕಡೆ. ಈ ಎರಡೂ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಅವರ ಸಂಪಾದನೆಯ ಪುಟಗಳು ಕೊಡುವ ಉತ್ತರ ಇಷ್ಟು: ಸರ್ವಜ್ಞನನ್ನು ಅವರು ಕ್ರೈಸ್ತನನ್ನಾಗಿ ತಿದ್ದಲಿಲ್ಲ. ಶಿವನ ಹೆಸರು ಇದ್ದಲ್ಲಿ ಶಿವನ ಹೆಸರೇ ಇದೆ.

ಕನ್ನಡಿಗರು ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. ತಿರಿದು ಉಂಡ ಸರ್ವಜ್ಞನ ಹಿಂದೆ ಊರೂರು ತಿರುಗಿದವರಿಗೆ ತಕ್ಕ ಬಿರುದು. 1949ರಲ್ಲಿ, ಹೈದರಾಬಾದ್ ಸಂಸ್ಥಾನ ಭಾರತದೊಡನೆ ಸೇರಿದ ಮರುವರ್ಷ, ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಯೇ ಅಧ್ಯಕ್ಷರು. 1962ರಲ್ಲಿ ಅವರು ತೀರಿಕೊಂಡರು.

ಪಾದ್ರಿಯಾದವನು ಸುತ್ತಲಿನ ಬದುಕನ್ನು ಅರಿತಿರಬೇಕೆಂಬುದು ನಮ್ಮ ನಾಡಿನ ಅನಿಸಿಕೆ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಹದಿನೇಳನೇ ಶತಮಾನದಲ್ಲಿದ್ದ ಜಾರ್ಜ್ ಹರ್ಬರ್ಟ್ ಕವಿಯೂ ಹೌದು, ಹಳ್ಳಿಯ ಪಾದ್ರಿಯೂ ಹೌದು. 1633ರಲ್ಲಿ ನಲವತ್ತು ತುಂಬುವ ಮೊದಲೇ ಸತ್ತ. ಹಳ್ಳಿಯ ಪಾದ್ರಿ ಹೇಗಿರಬೇಕೆಂದು ಅವನು ಬರೆದಿಟ್ಟ ಪುಟ್ಟ ಪುಸ್ತಕ ಸತ್ತ ಮೇಲೆ ಅಚ್ಚಾಯಿತು. ಉಳುಮೆ, ದನಕರು ಸಾಕಣೆಯ ಜ್ಞಾನ ಪಾದ್ರಿಗೆ ಇರಲೇಬೇಕು, ಏಕೆಂದರೆ ಜನರಿಗೆ ಗೊತ್ತಿರುವುದರ ಮೂಲಕವೇ ಗೊತ್ತಿಲ್ಲದ್ದನ್ನು ಕಲಿಸಬೇಕು ಎಂಬುದು ಅವನ ಮತ.

ಪೇಟೆಯ ಸಭೆಗಳಲ್ಲಿ ಇಂದು ಈ ಮಾತಿಗೆ ಬಂದಿರುವ ಗತಿ ಮಾತ್ರ ಅಷ್ಟು ಸಮಾಧಾನದ್ದಲ್ಲ. ಪ್ರಾರ್ಥನೆ ಎಂದರೆ ಮೊಬೈಲಿಗೆ ಚಾರ್ಜ್ ಹಾಕಿದ ಹಾಗೆ, ಪವಿತ್ರಾತ್ಮ ಎಂದರೆ ನೆಟ್‌ವರ್ಕ್ ಇದ್ದ ಹಾಗೆ ಎಂಬಂಥ ಹೋಲಿಕೆಗಳು ಸುಲಭವಾಗಿ ಸಿಗುತ್ತವೆ. ಕೇಳುವವರು ನಗುತ್ತಾರೆ, ಮನೆಗೆ ಹೋಗುತ್ತಾರೆ. ಇಲ್ಲಿ ದಿನನಿತ್ಯದ ಬದುಕು ಧರ್ಮಕ್ಕೆ ಹಚ್ಚಿದ ಬಣ್ಣವಷ್ಟೆ. ಯೇಸುವಿನ ಸಾಮ್ಯಗಳು ಹಾಗಲ್ಲ. ಅವು ಕೇಳುಗನ ಬದುಕಿನಿಂದಲೇ ಹೊರಟು ಕೊನೆಗೆ ಆ ಬದುಕನ್ನೇ ಪ್ರಶ್ನಿಸುತ್ತವೆ.

ಸಂಜೆ ಐದರ ಕೂಲಿ

ಮತ್ತಾಯನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯದಲ್ಲಿ ಒಂದು ಕಥೆ ಬರುತ್ತದೆ. ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನದ ಕೂಲಿ ಇಷ್ಟೆಂದು ಗೊತ್ತುಮಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ನಿಂತೇ ಇದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ಕಳುಹಿಸುತ್ತಾನೆ. ಬಟವಾಡೆಯ ಹೊತ್ತಿಗೆ ಕಡೆಗೆ ಬಂದವರಿಂದ ಆರಂಭಿಸಿ ಎಲ್ಲರಿಗೂ ಒಂದೇ ಕೂಲಿ. ಬಿಸಿಲಿನಲ್ಲಿ ಬೆಂದ ಬೆಳಗಿನ ಆಳುಗಳು ಗೊಣಗುತ್ತಾರೆ. ನಿನಗೆ ಒಪ್ಪಿದ್ದನ್ನು ಕೊಟ್ಟಿಲ್ಲವೇ, ನಾನು ಉದಾರಿಯಾದರೆ ನಿನಗೇಕೆ ಹೊಟ್ಟೆಯುರಿ ಎಂಬ ಅರ್ಥದಲ್ಲಿ ಯಜಮಾನ ಕೇಳುತ್ತಾನೆ.

ಇದನ್ನು ದೇವರ ಕೃಪೆಯ ಕಥೆ ಎಂದು ಹೇಳಿ ಮುಗಿಸುವುದು ರೂಢಿ. ತಪ್ಪೇನಲ್ಲ. ಆದರೆ ಬೆಳಗಿನ ಏಳಕ್ಕೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಬುತ್ತಿಗಂಟು, ಸನಿಕೆ ಹಿಡಿದು ಸರ್ಕಲ್ಲಿನಲ್ಲಿ ನಿಂತ ಜನರನ್ನು ನೋಡಿದವರಿಗೆ ಕಥೆಯ ಬೇರೆ ಭಾಗಗಳು ಕಾಣಿಸತೊಡಗುತ್ತವೆ. ಮೇಸ್ತ್ರಿ ಬಂದಾಗ ಮೊದಲು ಲಾರಿ ಹತ್ತುವವರು ಗಟ್ಟಿ ಮೈಯವರು. ಉಳಿಯುವವರು ಮುದುಕರು, ಸೊರಗಿದವರು, ಕಂಕುಳಲ್ಲಿ ಕೂಸಿರುವ ಹೆಂಗಸರು. ಐದು ಗಂಟೆಯವರೆಗೂ ಕರೆ ಬಾರದೆ ನಿಂತವನು ಸೋಮಾರಿಯಲ್ಲ. ಕಥೆಯಲ್ಲಿ ಹೇಳಿದ ಆ ಬೆಳ್ಳಿ ನಾಣ್ಯ ಅಂದಿನ ಕಾಲದ ಒಂದು ದಿನದ ಕೂಲಿ. ಗಂಟೆಯ ಲೆಕ್ಕ ಹಾಕಿ ಅದರಲ್ಲಿ ಹನ್ನೆರಡನೇ ಒಂದು ಪಾಲು ಕೊಟ್ಟಿದ್ದರೆ ಅವನ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ. ಯಜಮಾನ ಲೆಕ್ಕ ಹಾಕಿದ್ದು ಹೊಟ್ಟೆಯದ್ದು.

ಪ್ರಸಂಗ ಈ ದಾರಿ ಹಿಡಿದರೆ ಸಭೆಯಲ್ಲಿ ಕುಳಿತವರಿಗೆ ಹಾಯೆನಿಸದು. ಒಂದೇ ಸಾಲಿನಲ್ಲಿ ಕಂಟ್ರಾಕ್ಟರೂ ಇರುತ್ತಾನೆ, ಅವನ ಕಟ್ಟಡದಲ್ಲಿ ಮಣ್ಣು ಹೊತ್ತವಳೂ ಇರುತ್ತಾಳೆ. ಬೆಳೆಹಬ್ಬದ ದಿನ ಇದು ಇನ್ನೂ ಎದ್ದು ಕಾಣುತ್ತದೆ. ಸಭೆಯವರು ತಮ್ಮ ಹಿತ್ತಲಿನ ಕುಂಬಳ, ತೆಂಗಿನಕಾಯಿ, ಬಾಳೆಗೊನೆ, ಮನೆಯ ಕೋಳಿಯನ್ನು ತಂದು ದೇವರ ಮುಂದಿಟ್ಟು ಆರಾಧನೆಯ ಬಳಿಕ ಹರಾಜು ಹಾಕುವ ಹಬ್ಬ ಅದು. ಪೇಟೆಯ ಬೆಲೆಯ ಎಷ್ಟೋ ಪಟ್ಟು ಕೂಗಿ ಒಂದು ಕುಂಬಳಕಾಯಿ ಕೊಳ್ಳುವ ಉಳ್ಳವರು ಇರುತ್ತಾರೆ. ತಾನೇ ತಂದ ಗೊನೆ ಕೈತಪ್ಪುವುದನ್ನು ನೋಡುತ್ತ ನಿಂತವರೂ ಇರುತ್ತಾರೆ. ಉತ್ಸಾಹದ ಹಬ್ಬವೇ, ಸಂದೇಹವಿಲ್ಲ. ಆದರೆ ಆ ಕುಂಬಳ ಬೆಳೆದ ಆಳಿಗೆ ಎಷ್ಟು ಕೂಲಿ ಕೊಟ್ಟೆ ಎಂದು ಹರಾಜಿನ ನಡುವೆ ಯಾರೂ ಕೇಳುವುದಿಲ್ಲ. ಕೇಳಬೇಕಾದವರು ಪಾದ್ರಿ, ಅವರ ಸಂಬಳ ಬರುವುದು ಇದೇ ಸಭೆಯಿಂದ.

ಹೆಣ್ಣಾಳಿಗೊಂದು ಕೂಲಿ, ಗಂಡಾಳಿಗೊಂದು ಕೂಲಿ ಎಂಬ ಪದ್ಧತಿಯ ವಿರುದ್ಧ ಭಾರತದಲ್ಲಿ ಸಮಾನ ವೇತನದ ಕಾಯಿದೆ ಬಂದದ್ದು 1976ರಲ್ಲಿ. ಬಾಸೆಲ್ ಮಿಶನ್ನಿನ ಹಲವು ಸಭೆಗಳು ಸೇರಿದ ದಕ್ಷಿಣ ಭಾರತ ಸಭೆ, ಜನರ ಬಾಯಲ್ಲಿ ಸಿಎಸ್‌ಐ, ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಪಾದ್ರಿಯ ದೀಕ್ಷೆ ಕೊಟ್ಟದ್ದೂ ಅದೇ ವರ್ಷ. ಕಳೆದ ಪಾವಲಿಗಾಗಿ ಮನೆ ಗುಡಿಸಿದ ಹೆಂಗಸಿನ ಸಾಮ್ಯವನ್ನು ಅಲ್ಲಿಯವರೆಗೆ ಆ ಸಭೆಯಲ್ಲಿ ಬಿಡಿಸಿ ಹೇಳುತ್ತಿದ್ದ ಪಾದ್ರಿಗಳೆಲ್ಲ ಗಂಡಸರೇ. ಕೂಲಿಯ ತಾರತಮ್ಯ ಹೊಲಗಳಿಂದ ಹೋಗಿಲ್ಲ. ಇಂದು ಗಂಡು ಹೆಣ್ಣು ಪಾದ್ರಿಗಳಿಬ್ಬರೂ ಆ ಇಪ್ಪತ್ತನೇ ಅಧ್ಯಾಯವನ್ನು ಓದಿ ಪ್ರಸಂಗ ಮಾಡುತ್ತಾರೆ. ಯಜಮಾನನ ಪ್ರಶ್ನೆಗೆ ಬೆಳಗಿನ ಆಳುಗಳು ಏನು ಉತ್ತರ ಕೊಟ್ಟರೆಂದು ಮತ್ತಾಯ ಬರೆದಿಲ್ಲ.